ತಲೆಗೆ ಬಂದ ಕೊಂಬು

ಜೂನ್ 3, ಸೋಮವಾರ

ಎಂದಿನ ಟೆಸ್ಟಿಂಗ್ ಕೆಲಸವೇ. ಡಿಸ್ಕಿನಲ್ಲಿ ಫೈಲುಗಳನ್ನು ಬರೆದಿಡುವ ನಮ್ಮ ಫೈಲ್ ಸಿಸ್ಟಮ್‌ನ ಹೊಸ ಆವೃತ್ತಿ ಬಂದಿದೆ, ಹಳೆಯ ಬಗ್‌ಗಳು ಮತ್ತೆ ತಲೆ ಎತ್ತಿವೆಯೇ ನೋಡಬೇಕು. ನನ್ನ ಪಾಲಿನದು ಅಂಚು — ಒಂದು ಫೈಲ್ ಎಷ್ಟು ದೊಡ್ಡದಾಗಬಹುದೋ ಅದರ ಕಟ್ಟಕಡೆ. ಪೂರ್ತಿ ತುಂಬಿಸುತ್ತ ಕೂತರೆ ವಾರ ಬೇಕು. ಅದಕ್ಕೇ ನೇರ ಅಂಚಿಗೆ ಹಾರಿ ಒಂದು ‘a’ ಬರೆಯುವುದು. ನಡುವೆಯೆಲ್ಲ ಟೊಳ್ಳು. ಬರೆಯಿತು. ಇನ್ನೊಂದು ‘a’ ಕೊಟ್ಟರೆ ಜಾಗವಿಲ್ಲ ಎಂದಿತು. ಸರಿಯೇ. ಹಸಿರು ಟಿಕ್. ನಮ್ಮ ಟೀಮ್ ಲೀಡ್‌ಗೆ ಹಸಿರು ಕಂಡರೆ ಜೀವ. ಹಸಿರಪ್ಪ ಎಂದೇ ಕರೆಯುತ್ತೇವೆ, ಬೆನ್ನ ಹಿಂದೆ.

ಜೂನ್ 4

ಅಕ್ಕ ಸರಿಯಾಗಿ ಊಟ ಮಾಡುತ್ತಿಲ್ಲ. ಹೊಳೆಯ ಸೇತುವೆಗೆ ಮೈಕು ಕಟ್ಟಿ ಸದ್ದು ರೆಕಾರ್ಡ್ ಮಾಡುವುದು ಅವಳ ಕೆಲಸ. ಕಂಬದೊಳಗೆ ಏನೋ ಟಕ್ ಎಂದದ್ದು ಕೇಳಿದ್ದಾಳೆ. ಬಿರುಕೇ ಎನ್ನುತ್ತಾಳೆ. ಆದರೆ ಆ ಫೈಲ್ ಈಗ ತೆರೆಯುವುದೇ ಇಲ್ಲ. ಫೈಲ್ ಕೆಡಿಸಿದ್ದೂ ಅಲ್ಲದೆ ಕಥೆ ಬೇರೆ ಕಟ್ಟುತ್ತೀಯಾ ಎಂದರಂತೆ ಅವಳ ಆಫೀಸಿನ ದೊಡ್ಡ ಇಂಜಿನಿಯರು. ಬಸ್ಸುಗಳು ಆ ಸೇತುವೆ ಮೇಲೇ ಓಡುತ್ತಿವೆ... ನಾನೂ ಅದರಲ್ಲೇ.

ಅವಳ ಯಂತ್ರದಲ್ಲಿರುವುದು ನಮ್ಮ ಹೊಸ ಆವೃತ್ತಿಯೇ, ಪ್ರಯೋಗಕ್ಕೆ ಕೊಟ್ಟದ್ದು. ಫೈಲ್ ತುಂಬಿದ ಮೇಲೆ ಕೆಟ್ಟಿತಂತೆ. ತುಂಬಿದ ಮೇಲೆ ಎಂದ ಕೂಡಲೇ ನನ್ನ ಕಿವಿ ನೆಟ್ಟಗಾಯಿತು.

ಜೂನ್ 5

ಹಸಿರಪ್ಪನವರಿಗೆ ಅಕ್ಕನ ಫೈಲಿನ ವಿಷಯ ಹೇಳಿದೆ. ಬರುವ ಸೋಮವಾರ ಎಲ್ಲ ಗಿರಾಕಿಗಳಿಗೂ ಈ ಆವೃತ್ತಿ ಹೋಗಬೇಕು.

“ಎಲ್ಲಾ ಪಾಸಾಗಿದೆಯಲ್ಲ. ದಾರೀಲಿ ಹೋಗೋ ಮಾರೀನ ಮನೆಗೆ ಯಾಕೆ ಕರೀತೀಯ?”

ಕರೆಯದೆ ಇರಲಾರೆ. ಅಕ್ಕ ಮಾಡಿದ್ದೇನು, ನಾನು ಮಾಡದೆ ಇರುವುದೇನು?

ಜೂನ್ 8, ಶನಿವಾರ

ಬರೆಯಲು ಪುರುಸೊತ್ತಿಲ್ಲ. ಅಂಚನ್ನು ಕೆದಕಿದ್ದೇ ಕೆದಕಿದ್ದು. ಎಷ್ಟು ‘a’ ಬರೆದರೂ ಹಸಿರೇ. ಇವತ್ತು ಬುದ್ಧಿ ಬಂದು ಅಕ್ಕನನ್ನೇ ಕೇಳಿದೆ. ಫೈಲ್ ತುಂಬುತ್ತ ಬಂದಾಗ ಅವಳ ಯಂತ್ರ ಕೊನೆಗೊಂದು ಟಿಪ್ಪಣಿ ಕೇಳುತ್ತದಂತೆ.

“ಬೇರೆಯವರೆಲ್ಲ ಇಂಗ್ಲಿಷಲ್ಲಿ ಹಾಕ್ತಾರೆ. ನಾನು ‘ಮುಗೀತು’ ಅಂತ ಹಾಕ್ತೀನಿ.”

“ಕನ್ನಡದಲ್ಲಾ?”

“ಮತ್ತೆ? ನಮ್ಮ ಭಾಷೆಗೇನು ಬಂದಿದೆ ರೋಗ?”

ಹಣೆ ಚಚ್ಚಿಕೊಂಡೆ. ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಬೈಟು ಜಾಗ ಸಾಕು. ನಮ್ಮದಕ್ಕೆ ಮೂರು. ಗುಡಿಸು, ಕೊಂಬು ಇದ್ದರೆ ಅದಕ್ಕೆ ಬೇರೆ ಮೂರು. ‘ಮುಗೀತು’ ಹಿಡಿಯಲು ಹದಿನೆಂಟು ಬೇಕು. ಯಂತ್ರ ಟಿಪ್ಪಣಿಗೆಂದು ಬಿಟ್ಟಿರುವುದು ಹದಿನಾರು. ನಾನು ಒಂದೊಂದೇ ಬೈಟು ಬರೆಯುತ್ತಿದ್ದೆ. ಹಾಸಿಗೆ ಇದ್ದಷ್ಟೇ ಕಾಲು ಚಾಚುವ ಸಂಭಾವಿತ ಟೆಸ್ಟು ನನ್ನದು. ಅಂಚು ದಾಟಿ ಕಾಲು ಚಾಚಿದವಳು ಅಕ್ಕ.

ಜೂನ್ 9, ಭಾನುವಾರ

ಆಫೀಸಿಗೆ ಹೋದೆ, ಅಕ್ಕನನ್ನೂ ಅವಳ ಡಿಸ್ಕನ್ನೂ ಕರೆದುಕೊಂಡು. ಮೊದಲು ಒಂದು ಹೊಸ ಫೈಲಿನ ಅಂಚಿಗೆ ಹದಿನಾರು ಬೈಟು ಬಿಟ್ಟು ‘ಮುಗೀತು’ ಬರೆದೆ. ಹದಿನಾರೇ ಹಿಡಿಯಿತು ಎಂದು ಸಿಸ್ಟಮ್ ಒಪ್ಪಿಕೊಳ್ಳಬೇಕಿತ್ತು. ಹದಿನೆಂಟೂ ಬರೆದೆ ಎಂದಿತು. ಹಸೀ ಸುಳ್ಳು. ಫೈಲಿನ ಬಾಲದಲ್ಲಿದ್ದದ್ದು ‘ಮುಗೀತ’ ಅಷ್ಟೇ, ಕೊಂಬು ಮುರಿದಿತ್ತು. ಉಳಿದೆರಡು ಬೈಟು ಎಲ್ಲಿ ಹೋದವು?

ಅಕ್ಕನ ಫೈಲ್ ಕೆಟ್ಟಾಗ ಎಲ್ಲರೂ ಬಾಲ ನೋಡಿದ್ದರು. ನಾನು ಅದರ ತಲೆ ನೋಡಿದೆ. ಅಲ್ಲಿ ಕೂತಿದ್ದವು, ಕೊಂಬಿನ ಚೂರುಗಳು. ಅಂಚು ದಾಟಿದವು ಸುತ್ತು ಹೊಡೆದು ಮೊದಲಿಗೆ ಬಂದು, ಇದು ಸದ್ದಿನ ಫೈಲ್ ಎಂದು ಹೇಳುವ ಗುರುತನ್ನೇ ಅಳಿಸಿದ್ದವು. ತೆರೆಯುವುದಾದರೂ ಹೇಗೆ?

“ಬಾಲದ ಕೊಂಬು ತಲೆಗೆ ಬಂದಿದೆ, ಅಕ್ಕಾ.”

“ಕೊಂಬು ಇರೋದೇ ತಲೇಲಿ ಅಲ್ವೇನೋ,” ಎಂದು ನಕ್ಕಳು. ಅವಳು ನಕ್ಕು ಎಷ್ಟು ದಿನವಾಗಿತ್ತು. ನನಗೆ ಅಳು ಬಂತು, ತೋರಿಸಲಿಲ್ಲ.

ಅಳಿಸಿದ್ದ ಗುರುತು ಮತ್ತೆ ಬರೆದೆ. ತೆರೆಯಿತು. ಹೆಡ್‌ಫೋನಿನ ಒಂದು ಕಿವಿ ಅವಳಿಗೆ, ಒಂದು ನನಗೆ. ನೀರು, ಬಸ್ಸು, ನೀರು... ಅಕ್ಕ ಬೆರಳೆತ್ತಿದಳು. ಟಕ್.

ಜೂನ್ 10, ಸೋಮವಾರ

ಹಸಿರಪ್ಪನವರಿಗೆ ಕೆಂಪು ಗುರುತು ತೋರಿಸಿದೆ. ಆಮೇಲೆ ತಾವೇ ಫೋನ್ ಮಾಡಿ ಬಿಡುಗಡೆ ನಿಲ್ಲಿಸಿದರು. ಹೊಸ ಟೆಸ್ಟಿಗೆ ‘ಕೊಂಬು’ ಎಂದೇ ಹೆಸರು.

ದೊಡ್ಡ ಇಂಜಿನಿಯರು ಸದ್ದು ಕೇಳಿದ್ದೇ ಸೇತುವೆಗೆ ಹೊರಟರಂತೆ. ಮಧ್ಯಾಹ್ನದಿಂದ ಸೇತುವೆ ಬಂದ್. ಬಸ್ಸೆಲ್ಲ ಸುತ್ತು ಹಾದಿ. ಜನ ಬೈಯುತ್ತಿದ್ದಾರೆ, ಬೈಯಲಿ.

ಅಕ್ಕ ಒಳಗಿಂದ ಕರೆಯುತ್ತಿದ್ದಾಳೆ. ಇನ್ನೊಂದು ಟಕ್ ಸಿಕ್ಕಿತಂತೆ, ಪಕ್ಕದ ಕಂಬದಲ್ಲಿ. ನನಗೆ ಕೊನೆಯ ಕೊಂಬು ಹಾಕಲೂ ಬಿಡಳು: ಎಲ್ಲಾ ಮುಗೀತ