ಕಾವಿಗಿಟ್ಟ ಮೊಟ್ಟೆಗಳನ್ನು ನಿಮ್ಮ ಮೇಜಿಗೆ ತರಲಾರೆ

ಪಾರ್ಸೆಲ್ ವಿಭಾಗದ ಮುಖ್ಯಾಧಿಕಾರಿಗಳೇ,

ನೀವು ಕರೆದಿರುವ ಗುರುವಾರ ನಾನು ನಿಮ್ಮ ಕಚೇರಿಗೆ ಬರುವುದಿಲ್ಲ. ‘ವಿವಾದಿತ ವಸ್ತುಗಳನ್ನು ತಲುಪಿದ ಸ್ಥಿತಿಯಲ್ಲೇ ಪರಿಶೀಲನೆಗೆ ಹಾಜರುಪಡಿಸತಕ್ಕದ್ದು, ತಪ್ಪಿದಲ್ಲಿ ದೂರನ್ನು ಮುಕ್ತಾಯಗೊಳಿಸಲಾಗುವುದು’ ಎಂದು ನಿಮ್ಮ ನೋಟಿಸು ಹೇಳುತ್ತದೆ. ಆ ವಸ್ತುಗಳು ಮೊಟ್ಟೆಗಳು, ಮಾನ್ಯರೇ. ಈಗ ಒಂದು ಕೋಳಿಯ ಹೊಟ್ಟೆಯಡಿ ಇವೆ. ಶುಕ್ರವಾರ ಒಡೆದು ಮರಿ ಹೊರಬರಬೇಕು. ಹಿಂದಿನ ದಿನ ಅವುಗಳನ್ನು ಎತ್ತಿಕೊಂಡು, ಬಸ್ಸಿನಲ್ಲಿ ಕುಲುಕಿಸುತ್ತಾ ತಂದು, ಫ್ಯಾನಿನ ಕೆಳಗೆ ನಿಮ್ಮ ಮೇಜಿನ ಮೇಲೆ ಹರಡಿದರೆ ಪರಿಶೀಲಿಸಲು ಏನೂ ಉಳಿದಿರುವುದಿಲ್ಲ. ಕಡತ ಮುಚ್ಚಲು ನಿಮಗದು ಅನುಕೂಲವಿರಬಹುದು, ನನಗಲ್ಲ.

ಈ ಪತ್ರ ಓದುವ ಉಳಿದವರಿಗಾಗಿ ನಡೆದದ್ದನ್ನು ಹೇಳಿಬಿಡುತ್ತೇನೆ. ನಾನು ಹೊಲಿಗೆ ಕೆಲಸದವಳು. ನಮ್ಮಮ್ಮ ಸಾಕಿದ್ದ ಕೋಳಿಗಳ ಸಂತತಿಯನ್ನು ನನ್ನ ಅಕ್ಕ ಇಷ್ಟು ವರ್ಷ ಉಳಿಸಿಕೊಂಡು ಬಂದಿದ್ದಳು. ಬೂದಿ ಬಣ್ಣದ ಮೈ, ಬೋಳು ಕುತ್ತಿಗೆ, ನೋಡಲು ಚೆಂದವೇನೂ ಅಲ್ಲ. ಆದರೆ ಮನೆ ಅಣ್ಣನ ಪಾಲಾದ ಮೇಲೆ ಅಮ್ಮನಿಂದ ನಮ್ಮಿಬ್ಬರಿಗೆ ಉಳಿದದ್ದು ಅವಷ್ಟೇ. ನನಗೂ ಬೇಕೆಂದು ಕೇಳಿದೆ. ಅಕ್ಕ ಮೊಟ್ಟೆಗಳನ್ನು ಹೊಟ್ಟಿನಲ್ಲಿ ಹುದುಗಿಸಿ, ಮೂರು ಪೆಟ್ಟಿಗೆ ಮಾಡಿ, ಮೂರನ್ನೂ ಒಂದೇ ಹಗ್ಗದಲ್ಲಿ ಬಿಗಿದು ಕಳಿಸಿದಳು. ನಿಮ್ಮವರು ಹಗ್ಗ ಕತ್ತರಿಸಿದರು. ಒಂದು ಪೆಟ್ಟಿಗೆ ಸೋಮವಾರ ಬಂತು, ಇನ್ನೊಂದು ಗುರುವಾರ. ಮೂರನೆಯದು ನಾಪತ್ತೆ.

‘ಬಂದದ್ದನ್ನು ಬಂದ ಹಾಗೇ ಕಾವಿಗಿಡಬಹುದಿತ್ತಲ್ಲ’ ಎಂದು ನಿಮ್ಮ ಸಹಾಯಕರು ನನಗೆ ಬುದ್ಧಿ ಹೇಳಿದರು. ಇಡಬಹುದಿತ್ತು, ಮನೆಯಲ್ಲಿ ಮೊಟ್ಟೆಗೆ ಕಾವು ಕೊಡುವ ಮೂರು ಯಂತ್ರಗಳಿದ್ದಿದ್ದರೆ. ಇರುವುದು ಒಂದು, ನಾನು ಬಟ್ಟೆ ಕತ್ತರಿಸುವ ಮೇಜಿನ ಮೇಲೆ. ಕಾವಿನ ಯಂತ್ರದಲ್ಲಿ ಮೊಟ್ಟೆಗಳನ್ನು ದಿನಾ ಹೊರಳಿಸಬೇಕು. ಆದರೆ ಒಡೆಯುವ ಮುಂಚಿನ ಮೂರು ದಿನ ಅವನ್ನು ಮುಟ್ಟಬಾರದು, ಮುಚ್ಚಳ ತೆಗೆಯಬಾರದು, ತೇವ ಹೆಚ್ಚಿಸಬೇಕು. ಒಂದೇ ಯಂತ್ರದಲ್ಲಿ ಬೇರೆ ಬೇರೆ ದಿನ ಇಟ್ಟರೆ ಒಂದಕ್ಕೆ ಬೇಕಾದದ್ದು ಇನ್ನೊಂದಕ್ಕೆ ಕೇಡು. ರಾತ್ರಿ ಪಾಳಿ ಮುಗಿಸಿ ಬಂದವನನ್ನು ಮಲಗಿಸಿ, ಅದೇ ಕೋಣೆಯಲ್ಲಿ ಮಕ್ಕಳಿಗೆ ಮಗ್ಗಿ ಬಾಯಿಪಾಠ ಮಾಡಿಸಿದ ಹಾಗೆ. ಅದಕ್ಕೇ ಮೊದಲು ಬಂದವನ್ನು ತಂಪಾದ ಮೂಲೆಯಲ್ಲಿಟ್ಟು ಉಳಿದವಕ್ಕೆ ಕಾಯುತ್ತಾರೆ. ಹೆಚ್ಚೆಂದರೆ ಒಂದು ವಾರ. ಆಮೇಲೆ ಒಳಗಿನ ಜೀವ ಕುಗ್ಗುತ್ತಾ ಹೋಗುತ್ತದೆ.

ಎಷ್ಟು ಕಾಯಬೇಕೆಂದು ತಿಳಿಯಲು ನಿಮ್ಮ ಕೌಂಟರಿಗೆ ಬಂದೆ.

‘ನಾಳೆ ಬರುತ್ತೆ ಮೇಡಂ.’

‘ಈಗ ಎಲ್ಲಿದೆ ಅಂತ ಗೊತ್ತಾ?’

‘ಅದು ಗೊತ್ತಿಲ್ಲ. ಆದ್ರೆ ನಾಳೆ ಬರುತ್ತೆ.’

ಮರುದಿನ ಹೋದರೆ ಮತ್ತೆ ನಾಳೆ. ಅದರ ಮರುದಿನವೂ ನಾಳೆಯೇ. ಎಲ್ಲಿದೆ ಎಂದೇ ತಿಳಿಯದ ಪೆಟ್ಟಿಗೆ ಯಾವಾಗ ಬರುತ್ತದೆಂದು ಮಾತ್ರ ಖಚಿತವಾಗಿ ಬಲ್ಲ ಈ ದಿವ್ಯದೃಷ್ಟಿಯನ್ನು ನಿಮ್ಮ ಇಲಾಖೆ ಯಾವ ತರಬೇತಿಯಲ್ಲಿ ದಯಪಾಲಿಸುತ್ತದೆ? ನಾನು ಪೆದ್ದಿಯ ಹಾಗೆ ನಂಬಿದೆ. ಗೊತ್ತಿಲ್ಲ ಎಂದಷ್ಟೇ ಹೇಳಿದ್ದರೆ ಅವತ್ತೇ ಮನೆಗೆ ಹೋಗಿ ಇದ್ದವನ್ನು ಕಾವಿಗಿಡುತ್ತಿದ್ದೆ. ಕೊನೆಗೆ ಸಾಕಾಗಿ ಮುಂದಿನ ಸೋಮವಾರ ಎರಡು ಪೆಟ್ಟಿಗೆಯವನ್ನು ಯಂತ್ರಕ್ಕೆ ಹಾಕಿದೆ. ಆ ಶುಕ್ರವಾರ ಮೂರನೆಯದು ದಯಮಾಡಿಸಿತು, ಮೂಲೆ ಜಜ್ಜಿಕೊಂಡು. ಅಕ್ಕ ‘ಜೋಪಾನ’ ಎಂದು ಬರೆದಿದ್ದ ಅಕ್ಷರಗಳ ಮೇಲೇ ನಿಮ್ಮ ಮೊಹರು ಬಿದ್ದಿತ್ತು.

ಅಕ್ಕನಿಗೆ ಫೋನ್ ಮಾಡಿ ನಿಮಗೆಲ್ಲ ಹಿಡಿಶಾಪ ಹಾಕಿದೆ. ಇನ್ನೊಂದಷ್ಟು ಮೊಟ್ಟೆ ಕಳಿಸು ಎಂದೆ.

‘ನಾಯಿಗಳು ಗೂಡಿಗೆ ನುಗ್ಗಿದ್ವು ಕಣೇ. ಇಲ್ಲಿ ಒಂದೂ ಉಳಿದಿಲ್ಲ. ಇನ್ನು ನಿನ್ನ ಹತ್ರ ಇರೋದಷ್ಟೇ.’

ಎದುರಿನ ಬೀಗ ರಿಪೇರಿಯವರ ಕೋಳಿ ಕಾವಿಗೆ ಕೂತಿದ್ದು ನೆನಪಾಗಿ ಓಡಿದೆ. ‘ತಗೊಂಡು ಹೋಗಮ್ಮಾ, ಖಾಲಿ ಬುಟ್ಟಿ ಮೇಲೆ ಕೂತ್ಕೊಂಡು ಎಲ್ಲರ ಮೇಲೂ ಎಗರಾಡ್ತಿದೆ. ಕೈ ಹುಷಾರು’ ಎಂದರು. ಕುಕ್ಕಿಸಿಕೊಂಡೇ ತಂದೆ. ಬಟ್ಟೆ ಬೀರುವಿನ ಕೆಳಗಿನ ಖಾನೆಯನ್ನು ಅದಕ್ಕೆ ಬಿಟ್ಟುಕೊಟ್ಟು, ಮೂರನೆಯ ಪೆಟ್ಟಿಗೆಯ ಮೊಟ್ಟೆಗಳನ್ನು ಅಂದೇ ಅದರಡಿ ಇಟ್ಟೆ. ನನ್ನ ಗಂಡ ತಮ್ಮ ಅಂಗಿಗಳನ್ನು ಕುರ್ಚಿಯ ಮೇಲೆ ಪೇರಿಸಿಕೊಳ್ಳುತ್ತಾ, ‘ಅತ್ತೆ ಬಂದು ಉಳ್ಕೊಂಡಿದ್ದಾರೆ ಅಂದ್ಕೋತೀನಿ ಬಿಡು’ ಎಂದರು.

ಈ ಸೋಮವಾರ ಯಂತ್ರದಲ್ಲಿದ್ದವುಗಳ ಪೈಕಿ ಎರಡೇ ಒಡೆದವು. ಒಂದು ಮರಿ ನಿನ್ನೆ ಸತ್ತಿತು. ಅಂಗೈಯಲ್ಲಿಟ್ಟುಕೊಂಡು ಅತ್ತುಬಿಟ್ಟೆ, ಹೇಳಿಕೊಳ್ಳಲು ನನಗೇನೂ ನಾಚಿಕೆಯಿಲ್ಲ. ಉಳಿದ ಒಂಟಿ ಮರಿಯಿಂದ ಸಂತತಿ ಬೆಳೆಯುವುದಿಲ್ಲ. ಬೀರುವಿನಲ್ಲಿರುವ ಮೊಟ್ಟೆಗಳಿಗೆ ಟಾರ್ಚ್ ಹಿಡಿದು ನೋಡಿದ್ದೇನೆ, ನಾಲ್ಕರಲ್ಲಿ ಜೀವವಿದೆ. ನೀವು ಹಾಜರುಪಡಿಸಲು ಹೇಳುತ್ತಿರುವುದು ಈ ನಾಲ್ಕನ್ನು. ‘ಕಳುಹಿಸಿದವರಿಂದ ಮತ್ತೊಮ್ಮೆ ತರಿಸಿಕೊಂಡಲ್ಲಿ ಶುಲ್ಕ ಮನ್ನಾ ಮಾಡಲಾಗುವುದು’ ಎಂಬ ಔದಾರ್ಯವೂ ನೋಟಿಸಿನ ಕೊನೆಯಲ್ಲಿದೆ. ಯಾವ ಕೋಳಿಯಿಂದ ತರಿಸಲಿ, ಮಾನ್ಯರೇ?

ನನ್ನ ದೂರನ್ನು ನೀವು ಮುಚ್ಚಕೂಡದು. ಒಂದೇ ಹಗ್ಗದಲ್ಲಿ ಕಟ್ಟಿದ್ದು ಒಂದೇ ಚೀಲದಲ್ಲಿ ಹೋಗಬೇಕು. ಗೊತ್ತಿಲ್ಲದಾಗ ಗೊತ್ತಿಲ್ಲ ಎನ್ನಲು ನಿಮ್ಮ ಕೌಂಟರಿನವರಿಗೆ ಆದೇಶ ಹೊರಡಿಸಿ; ಅದಕ್ಕೇನೂ ಖರ್ಚಾಗುವುದಿಲ್ಲ. ಪರಿಶೀಲನೆ ಆಗಲೇಬೇಕೆಂದರೆ ಶುಕ್ರವಾರ ನೀವೇ ನನ್ನ ಮನೆಗೆ ಬನ್ನಿ. ಕೈ ತೊಳೆದುಕೊಂಡು, ಬೀರುವಿನ ಮುಂದೆ ಸದ್ದಿಲ್ಲದೆ ಕುಕ್ಕರಗಾಲಲ್ಲಿ ಕೂರಿ. ಕೋಳಿ ಯಾರ ಪದವಿಯನ್ನೂ ನೋಡುವುದಿಲ್ಲ, ಕುಕ್ಕುತ್ತದೆ. ಅಂದು ಸಂಜೆ ಅಕ್ಕ ಫೋನ್ ಮಾಡಿ ಎಷ್ಟು ಮರಿ ಬಂದವು ಎಂದು ಕೇಳುತ್ತಾಳೆ. ಬಂದಿದ್ದರೆ ನಾನೇ ಹೇಳಿಕೊಳ್ಳುತ್ತೇನೆ. ಒಂದೂ ಬರದಿದ್ದರೆ ಫೋನನ್ನು ನಿಮ್ಮ ಕೈಗೆ ಕೊಡುತ್ತೇನೆ, ಅವಳಿಗೆ ನೀವೇ ಹೇಳಬೇಕು.

ಇಂತಿ,
ಬರಲೊಪ್ಪದ ದೂರುದಾರಳು,
ಸದ್ಯಕ್ಕೆ ನೆಲದ ಮೇಲೆ ಬಟ್ಟೆ ಕತ್ತರಿಸುತ್ತಿರುವ ಟೈಲರಮ್ಮ