ಕರೆಂಟು ಹೋದ ಮೇಲಿನ ಹಾಡು

ಭದ್ರಾವತಿ, ಇಸವಿ ೨೨೮೮, ಎರಡನೇ ಮೇ ತಿಂಗಳು

ಮಾನ್ಯ ಫಿಲೋಮಿನಾ ಅವರಿಗೆ,

ತಾರೀಕು ನೋಡಿ ಯಾರೋ ತಮಾಷೆ ಮಾಡುತ್ತಿದ್ದಾರೆ ಎಂದುಕೊಳ್ಳಬೇಡಿ. ಬೇಸಿಗೆ ಬೆಳೆಯುತ್ತಲೇ ಹೋದದ್ದರಿಂದ ನಮ್ಮ ಹಿರಿಯರು ಮೇ ತಿಂಗಳನ್ನು ಎರಡು ಮಾಡಿ, ಡಿಸೆಂಬರನ್ನು ಕೈಬಿಟ್ಟರು. ನನ್ನ ಕನ್ನಡವೂ ನಿಮಗೆ ವಿಚಿತ್ರವಾಗಿ ಕೇಳಿಸಬಹುದು, ಮನ್ನಿಸಿ. ಕಾಲದ ಲೆಕ್ಕದಲ್ಲಿ ನಿಮ್ಮನ್ನು ಅಜ್ಜಿ ಎನ್ನಬೇಕು, ಆದರೆ ನಾಲಿಗೆ ಏಳುವುದಿಲ್ಲ. ನನಗೆ ಗೊತ್ತಿರುವುದು ನಿಮ್ಮ ದನಿ ಮಾತ್ರ. ಅದಕ್ಕೆ ಇನ್ನೂ ಇಪ್ಪತ್ತು ದಾಟಿಲ್ಲ.

ನಿಮ್ಮಣ್ಣ ವಿಕ್ಟರ್ ಮತ್ತು ಗೆಳೆಯರ ರಾಕ್ ತಂಡ ‘ಕುಲುಮೆ’ ೧೯೭೯ರಲ್ಲಿ ಈ ಊರಿನ ಮೈದಾನದಲ್ಲಿ ಹಾಡಿದ್ದನ್ನು ಕಂಪನಿಯೊಂದು ರೆಕಾರ್ಡ್ ಮಾಡಿ ಮಾರಿತು. ಅದು ಚೊಕ್ಕವಾಗಿದೆ, ಆದರೆ ಕೊನೆಯ ಹಾಡು ಅದರಲ್ಲಿಲ್ಲ. ಹಾಡು ಶುರುವಾಗುವಷ್ಟರಲ್ಲಿ ಕರೆಂಟು ಹೋಯಿತು, ಕಂಪನಿಯ ಯಂತ್ರವೂ ನಿಂತಿತು. ಕಾಲು ಮುರಿದುಕೊಂಡು ಮನೆಯಲ್ಲಿ ಮಲಗಿದ್ದ ಅಮ್ಮನಿಗೆ ಕೇಳಿಸಬೇಕೆಂದು ನೀವು ತೊಡೆಯ ಮೇಲಿಟ್ಟುಕೊಂಡಿದ್ದ ಟೇಪ್‌ರೆಕಾರ್ಡರು ಮಾತ್ರ ಸೆಲ್ಲಿನ ಬಲದಿಂದ ಓಡುತ್ತಲೇ ಇತ್ತು.

ಆ ಕತ್ತಲೆ ನನಗೆ ಬಾಯಿಪಾಠ. ಮೊದಲು ಶಿಳ್ಳೆ. ಆಮೇಲೆ ಯಾರೋ ಕೂಗುತ್ತಾರೆ: “ಏ ವಿಕ್ಟ್ರಾ, ನಿನ್ನ ಬಾಯಿಗೂ ಕರೆಂಟ್ ಬೇಕೇನೋ?” ನಗು. ಡ್ರಮ್ಮು ನಿಂತಿರುವುದಿಲ್ಲ. ಜನ ಕಬ್ಬಿಣದ ಕುರ್ಚಿಗಳನ್ನು ಬಡಿಯತೊಡಗುತ್ತಾರೆ. ದಿನವೆಲ್ಲ ಕಾರ್ಖಾನೆಯಲ್ಲಿ ಕಬ್ಬಿಣ ಬಡಿದ ಕೈಗಳು, ತಾಳ ತಪ್ಪುವುದಿಲ್ಲ. ಮೈಕಿಲ್ಲದ ವಿಕ್ಟರರ ದನಿ ಅದರ ನಡುವಿನಿಂದ ಏಳುತ್ತದೆ, ಎರಡನೇ ಸಾಲಿನಲ್ಲಿ ಒಡೆಯುತ್ತದೆ, ಜನ ಅದನ್ನು ಎತ್ತಿಕೊಳ್ಳುತ್ತಾರೆ. ಅಷ್ಟರ ಮೇಲೆ ನಿಮ್ಮ ಮಾತು: “ಅಮ್ಮಾ, ಯಾರೋ ಟಾರ್ಚ್ ಬಿಟ್ರು, ಅಣ್ಣ ಅಂಗಿ ತೆಗ್ದು ತಲೆಗೆ ಸುತ್ಕೊಂಡವ್ನೆ, ನೀನಿದ್ದಿದ್ರೆ ಬೈತಿದ್ದೆ!”

ನಮ್ಮ ಕಾಲದಲ್ಲಿ ಸಂಗೀತಕ್ಕೆ ಕೊರತೆಯಿಲ್ಲ. ಪ್ರತಿಯೊಬ್ಬರ ಕಿವಿಯ ಹಿಂದೆ ಕಾಳಿನಷ್ಟು ಚಿಕ್ಕ ಕಿವಿಮಣಿ ಇರುತ್ತದೆ. ಅವರವರ ಮನಸ್ಸು ನೋಡಿಕೊಂಡು ಅವರವರಿಗಷ್ಟೇ ಹಾಡುತ್ತದೆ. ಗಂಡ ಹೆಂಡತಿ ಒಂದೇ ತಟ್ಟೆಯಲ್ಲಿ ಮಂಡಕ್ಕಿ ತಿನ್ನುತ್ತ ಬೇರೆ ಬೇರೆ ಹಾಡು ಕೇಳುತ್ತಾರೆ. ಚಪ್ಪಾಳೆ ಎಂದರೆ ಏನೆಂದು ನನ್ನ ಮೊಮ್ಮಗಳಿಗೆ ತೋರಿಸಿಕೊಟ್ಟಾಗ ಅವಳು ಸೊಳ್ಳೆ ಹುಡುಕಿದಳು. ಅದಕ್ಕೇ ನಾವು ಕೆಲವರು ಹೊಳೆದಂಡೆಯಲ್ಲಿ ಕೂಡುಗಿವಿ ನಡೆಸುತ್ತೇವೆ. ಕಿವಿಮಣಿ ಬಿಚ್ಚಿ ಬುಟ್ಟಿಗೆ ಹಾಕಿ, ಎಲ್ಲರೂ ಒಂದನ್ನೇ ಕೇಳುವ ಸಂಜೆ ಅದು. ನಿಮ್ಮ ಟೇಪು ಹಾಕಿದ ದಿನ ಜನ ತಾವಾಗಿಯೇ ಬೆಂಚು ಬಡಿದರು. ನನ್ನ ಪಕ್ಕದಲ್ಲಿದ್ದ ಮುದುಕರು ಎದ್ದು ನಿಂತು, ಯಾಕೆ ನಿಂತೆನೆಂದು ತಿಳಿಯದೆ ಮತ್ತೆ ಕೂತರು.

ಇಂಥದ್ದನ್ನು ತೊಳೆಯಲು ಹೊರಟರು! ಹಳೆಯ ದನಿಗಳನ್ನು ಕಾಯುವ ಇಲಾಖೆಗೆ ಧ್ವನಿಕೋಠಿ ಎಂದು ಹೆಸರು; ನಿಮ್ಮ ಟೇಪು ಈಗ ಇರುವುದೂ ಅಲ್ಲೇ. ಕೆಮ್ಮು, ಕೂಗು, ಕುರ್ಚಿ ಎಲ್ಲ ತೆಗೆದು ಹಾಡನ್ನಷ್ಟೇ ಉಳಿಸುವುದು ಅವರ ‘ತೊಳೆತ’. ನಿಮ್ಮ ಮಾತನ್ನು ಅವರು ಕೊಳೆ ಎಂದು ಗುರುತು ಹಾಕಿದ್ದರು. ಸತ್ತವರ ದನಿ ಅಳಿಸಬೇಕಾದರೆ ಅವರ ಹೆಸರಿಗೆ ನೋಟೀಸು ಅಂಟಿಸಿ ಒಂದು ತಿಂಗಳು ಕಾಯಬೇಕು ಎಂಬ ಕಾನೂನಿದೆ. ಉತ್ತರ ಬಾರದಿದ್ದರೆ ಒಪ್ಪಿಗೆ ಇದೆಯೆಂದೇ ಲೆಕ್ಕ. ಮೌನವೇ ಸಮ್ಮತಿ ಎಂಬ ಮಾತನ್ನು ಸಮಾಧಿಯವರೆಗೂ ಎಳೆದೊಯ್ದ ಇಂಥ ನಾಚಿಕೆಗೇಡನ್ನು ನಾನು ಯಾವ ಇತಿಹಾಸದಲ್ಲೂ ಓದಿಲ್ಲ. ನಾನು ತಕರಾರು ಹಾಕಿದೆ. “ನಿಮಗೂ ಅವರಿಗೂ ಏನು ಸಂಬಂಧ? ಬೇಡವಾದರೆ ಅವರೇ ಬಂದು ಹೇಳಲಿ,” ಎಂದು ಅಧಿಕಾರಿ ನಕ್ಕರು.

ಸರಿ, ನಿಮ್ಮನ್ನೇ ಕರೆದುಕೊಂಡು ಹೋದೆ.

ವಿಚಾರಣೆಯ ದಿನ ಎಲ್ಲರ ಕಿವಿಮಣಿ ಬಿಚ್ಚಿಸಿ, ಟೇಪಿನ ಮೊದಲ ಭಾಗ ಹಾಕಿಸಿದೆ. ನಿಮ್ಮ ಹಿಂದಿನ ಸಾಲಿನ ಗಂಡಸೊಬ್ಬ ರೇಗುತ್ತಾನೆ: “ಏನಮ್ಮಾ ತಾಯಿ, ಕ್ರಿಕೆಟ್ ಕಾಮೆಂಟ್ರಿನಾ? ಟೇಪ್ ತುಂಬ ನಿನ್ನ ವಟವಟನೇ ಇರುತ್ತೆ, ಆಮೇಲೆ ಅಳಿಸ್ಬೇಕಾಗುತ್ತೆ ನೋಡು.” ತಕ್ಷಣ ನೀವು: “ಅಳಿಸೋಕೆ ನೀವ್ಯಾರ್ರೀ? ಇದು ನಮ್ಮಮ್ಮಂಗೆ. ಹಾಡು ಎಲ್ಲಾದ್ರೂ ಸಿಗುತ್ತೆ, ನಾನು ಎಲ್ಲಿ ಸಿಗ್ತೀನಿ?”

ಅಧಿಕಾರಿ ಇನ್ನೊಮ್ಮೆ ಹಾಕಿಸಿದರು. ಮೂರನೆಯ ಸಲ ಯಾರೂ ಹೇಳದಿದ್ದರೂ ಹಾಕಿಸಿದರು. ನೋಟೀಸಿಗೆ ಉತ್ತರ ಬಂದಿದೆ, ತೊಳೆತ ನಿಲ್ಲಿಸಿ ಎಂದು ಅಲ್ಲೇ ಬರೆಸಿದರು.

ಅದನ್ನು ತಿಳಿಸಲು ಈ ಕಾಗದ. ನಿಮಗೆ ಋಣಿಯಾಗಿದ್ದೇವೆ, ಹಾಡಿಗಾಗಿ ಮಾತ್ರವಲ್ಲ, ಸುಮ್ಮನಿರದೆ ಇದ್ದುದಕ್ಕಾಗಿ. ಟೇಪಿನ ಕೊನೆಯಲ್ಲಿ, ಜನ ಚದುರುವ ಸದ್ದಿನಲ್ಲಿ, ನೀವು ಅನ್ನುತ್ತೀರಿ: “ಅಮ್ಮಾ, ಮುಗೀತು. ಬರ್ತಾ ಇದೀವಿ, ಚಿಲಕ ಹಾಕ್ಬೇಡ.” ಅಮ್ಮ ಅದನ್ನು ಕೇಳುವ ಹೊತ್ತಿಗೆ ನೀವು ಮನೆಯೊಳಗೇ ಇರುತ್ತಿದ್ದಿರಿ. ಅಮ್ಮನಿಗೆ ಬೇಕಿಲ್ಲದ ಆ ಮಾತು ನಮಗೆ ಬಂದು ಮುಟ್ಟಿದೆ.

ನಾವು ಚಿಲಕ ಹಾಕಿಲ್ಲ. ಬನ್ನಿ.

ಇಂತಿ,
ಹಾಲೇಶ ಜಮೀಲಾ
(ನಾವೀಗ ತಾಯಿಯ ಹೆಸರನ್ನೇ ಇಟ್ಟುಕೊಳ್ಳುತ್ತೇವೆ)