ಒಬ್ಬನೇ ಇಳಿಯುವುದಿಲ್ಲ

ದುನೈ, ಭಾದ್ರ ೧೪

ಕಠ್ಮಂಡುವಿನ ಚಾರಣ ಕಂಪನಿಯ ಮಾಲೀಕ ಸಾಹುಜಿ ಅವರಿಗೆ,

ಹೋದ ವರ್ಷ ನೀವು ಹೊರೆಯಾಳುಗಳಿಗೆ ಮಾತು ಕೊಟ್ಟದ್ದು ಇಷ್ಟು: ತಲೆಗೆ ಮೂವತ್ತೇ ಕಿಲೋ, ಬೆಚ್ಚನೆಯ ಅಂಗಿ, ಕಾಯಿಲೆ ಬಿದ್ದವನ ಜೊತೆ ಕೆಳಗಿಳಿಯಲು ಒಬ್ಬ ಸಂಗಾತಿ. ಮೂರರಲ್ಲಿ ಒಂದನ್ನೂ ನಡೆಸಿಕೊಡಲಿಲ್ಲ.

ಈ ಸಲದ ಇಪ್ಪತ್ತೇಳು ದಿನಗಳ ಯೋಜನೆ ಕೈಸೇರಿತು. ಅತಿಥಿಗಳು ಎತ್ತರಕ್ಕೆ ಒಗ್ಗಿಕೊಳ್ಳಲು ಎರಡು ದಿನ ವಿಶ್ರಾಂತಿ ಇಟ್ಟಿದ್ದೀರಿ. ಕ್ಯಾಮೆರಾ ಬ್ಯಾಟರಿಗಳಿಗೆ ಚಳಿಯಾಗದಂತೆ ಹೊರೆಯಾಳುಗಳು ಅವನ್ನು ಕಂಬಳಿಯೊಳಗಿಟ್ಟುಕೊಂಡು ಮಲಗಬೇಕೆಂದೂ ಬರೆದಿದ್ದೀರಿ. ನಮಗೆ ಚಳಿಯಾದರೆ ಏನು ಮಾಡಬೇಕೆಂದು ಹುಡುಕಿದೆ. ಎಲ್ಲೂ ಇಲ್ಲ.

ಹೋದ ವರ್ಷ ಘಾಟಿಯ ಬುಡದಲ್ಲಿ ನನ್ನ ತಮ್ಮ ಕರ್ಣ ವಾಂತಿ ಮಾಡಿಕೊಂಡು ತೂರಾಡಿದಾಗ ಹೊರೆಯಾಳುಗಳನ್ನು ನಡೆಸುವ ನಿಮ್ಮ ಸರ್ದಾರ ನಕ್ಕ: "ಬೆಟ್ಟದೋನಿಗೂ ತಲೆಸುತ್ತೇನೋ? ಇಳ್ಕೊಂಡು ಹೋಗು, ದಾರಿ ಗೊತ್ತಲ್ಲ." ನಾನು ಜೊತೆಗೆ ಹೋಗುತ್ತೇನೆ ಎಂದೆ. "ನೀನೂ ಹೋದ್ರೆ ಅಡುಗೆ ಡೇರೆ ಯಾರು ಹೊರ್ತಾರೆ ದೀದಿ, ನಿಮ್ಮಪ್ಪನಾ?" ಎಂದ.

ಕರ್ಣನ ಹೊರೆಯನ್ನು ನಾಲ್ವರಿಗೆ ಹಂಚಿದರು. ಅದರಲ್ಲಿ ಒಂದು ಪಾಲು ನಾನೇ ಹೊತ್ತೆ. ಹೊರೆ ಹೊತ್ತಿಗೆ ಸರಿಯಾಗಿ ಮೇಲೆ ತಲುಪಿತು. ಕರ್ಣ ಕೆಳಗೆ ತಲುಪಲಿಲ್ಲ.

"ಕಾಯಿಲೆ ಬಿದ್ದವರು ಯಾರೂ ಒಬ್ಬರೇ ಇಳಿಯುವುದಿಲ್ಲ" ಎಂಬ ಒಂದು ಸಾಲನ್ನು ನಿಮ್ಮ ಯೋಜನೆಯಲ್ಲಿ ಸೇರಿಸಿ, ಸಹಿ ಹಾಕಿ ನೀವೇ ತನ್ನಿ. ಸರ್ದಾರನನ್ನು ಕಳಿಸಬೇಡಿ. ಅಲ್ಲಿಯವರೆಗೆ ನಾವು ಹೊರೆ ಹೊರುವ ಹದಿನೆಂಟು ಬುಟ್ಟಿಗಳು ನೆಲದ ಮೇಲೆ ಬೋರಲಾಗಿರುತ್ತವೆ, ನಾವು ಅವುಗಳ ಮೇಲೆ ಕೂತಿರುತ್ತೇವೆ. ದುನೈ ಸೇತುವೆಯ ಬಳಿ, ಬರುವ ಬುಧವಾರ, ಬೆಳಿಗ್ಗೆ ಏಳು ಗಂಟೆಗೆ ಬನ್ನಿ.

ಹದಿನೆಂಟು ಜನರ ಪರವಾಗಿ,
ಮನ್‌ಸರಾ ರೋಕಾಯ